ಎರಡನೆಯ ಕಣ್ಣು

ಬರೆದವನಿಗೆ ತನ್ನ ಬರಹದ ತಪ್ಪು ಕಾಣಿಸುವುದು ಕಷ್ಟ. ಇದು ಅವನ ಅವಗುಣವಲ್ಲ, ಮನಸ್ಸಿನ ಸ್ವಭಾವ. ತಾನು ಏನನ್ನು ಬರೆಯಬೇಕೆಂದು ಎಣಿಸಿದ್ದನೋ ಅದನ್ನೇ ಕಣ್ಣು ಹಾಳೆಯ ಮೇಲೆ ಓದಿಕೊಳ್ಳುತ್ತದೆ. ನಿಜವಾಗಿ ಏನನ್ನು ಬರೆದಿದ್ದಾನೋ ಅದನ್ನಲ್ಲ. ಆದುದರಿಂದಲೇ ಅಚ್ಚುಕೂಟದಲ್ಲಿ ಕರಡು ತಿದ್ದುವವನಿದ್ದಾನೆ. ಸಂಘಸಂಸ್ಥೆಗಳ ಜಮಾಖರ್ಚಿಗೆ ಲೆಕ್ಕಪರಿಶೋಧಕನಿದ್ದಾನೆ. ಒಬ್ಬನ ಕೆಲಸವನ್ನು ಇನ್ನೊಬ್ಬನ ಕಣ್ಣು ನೋಡಬೇಕು ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ವಿವೇಕ.

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷದ ಒಂದು ಪ್ರಸಂಗ ಇಂದಿಗೂ ನನ್ನನ್ನು ಚುಚ್ಚುತ್ತದೆ. ಒಬ್ಬರು ಮೌಲ್ಯಮಾಪನ ಮಾಡಿದ ಉತ್ತರಪತ್ರಿಕೆಗಳ ಅಂಕಗಳನ್ನು ಮತ್ತೊಬ್ಬರು ಕೂಡಿ ನೋಡಿ ರುಜು ಹಾಕುವ ಪದ್ಧತಿ ನಮ್ಮ ಶಾಲೆಯಲ್ಲಿತ್ತು. ವಾರ್ಷಿಕ ಪರೀಕ್ಷೆಯ ಒಂದು ಕಟ್ಟು ನನ್ನ ಪಾಲಿಗೆ ಬಂದಿತು. ಅಂಕಗಳನ್ನು ಕೊಟ್ಟವರು ನನಗಿಂತ ಹಿರಿಯರು, ಅನುಭವಿಗಳು. ಅವರ ಲೆಕ್ಕ ತಪ್ಪೀತೇ ಎಂದುಕೊಂಡು, ಸಂಜೆಯ ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ, ಒಂದನ್ನೂ ತೆರೆಯದೆ ಮೇಲಿನ ಪುಟಗಳಿಗೆಲ್ಲ ರುಜು ಹಾಕಿಬಿಟ್ಟೆ. ಫಲಿತಾಂಶ ಹೊರಬಿದ್ದಾಗ ಒಬ್ಬ ಹುಡುಗಿ 28 ಅಂಕ ಪಡೆದು ಅನುತ್ತೀರ್ಣಳಾಗಿದ್ದಳು. ಎರಡು ವಾರಗಳ ಅನಂತರ ಅವಳ ತಾಯಿ ಬಂದು ಬೇಡಿಕೊಂಡಾಗ ಪತ್ರಿಕೆಯನ್ನು ತೆರೆದು ನೋಡಿದೆವು. ದಾರ ಕಟ್ಟಿದ ಹೆಚ್ಚುವರಿ ಹಾಳೆಯಲ್ಲಿ 17 ಅಂಕಗಳು ಕೂಡಿಸದೆ ಉಳಿದಿದ್ದವು. ಅಷ್ಟರಲ್ಲಿ ಆ ಹುಡುಗಿಯನ್ನು ಶಾಲೆ ಬಿಡಿಸಿ ಕೂಲಿಗೆ ಕಳುಹಿಸಲಾಗಿತ್ತು. ಅವಳು ಮರಳಿ ತರಗತಿಗೆ ಬಂದಳು ಎಂಬುದು ನನ್ನ ಪುಣ್ಯ. ಕೂಡಿಸಲು ಮರೆತದ್ದು ಮನುಷ್ಯಸಹಜವಾದ ತಪ್ಪು. ನೋಡದೆ ರುಜು ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಆ ರುಜುವನ್ನು ಕಂಡ ಮೇಲೆ ಬೇರೆ ಯಾರೂ ಆ ಪತ್ರಿಕೆಯನ್ನು ತೆರೆಯುವ ಅಗತ್ಯವೇ ಉಳಿದಿರಲಿಲ್ಲ.

ಈ ಹಳೆಯ ನೋವು ನನಗೆ ಮತ್ತೆ ನೆನಪಾದದ್ದು ತೀರ ಬೇರೆಯೇ ಆದ ಒಂದು ಸಂದರ್ಭದಲ್ಲಿ. ಕಂಪ್ಯೂಟರ್ ವೃತ್ತಿಯಲ್ಲಿರುವ ನನ್ನ ಶಿಷ್ಯನೊಬ್ಬ ಮನೆಗೆ ಬಂದಿದ್ದನು. "ಈಗ ಏನು ಕೆಲಸ ಮಾಡುತ್ತಿದ್ದೀಯಪ್ಪ?" ಎಂದು ಕೇಳಿದೆ. "ಮೇಷ್ಟ್ರೇ, ನೀವು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದ್ದೇನೆ. ಬೇರೆಯವರು ಬರೆದದ್ದನ್ನು ಓದಿ ತಪ್ಪು ಗುರುತಿಸುತ್ತೇನೆ" ಎಂದನು. ಅವನು ವಿವರಿಸಿದ ಸಂಗತಿಗಳು ನನ್ನ ಕುತೂಹಲವನ್ನು ಕೆರಳಿಸಿದವು. ಅನಂತರ ನಾನೂ ಅಷ್ಟಿಷ್ಟು ಓದಿ ತಿಳಿದುಕೊಂಡೆ. ಹಾಗೆ ಮೂಡಿದ ಅಭಿಪ್ರಾಯವನ್ನು ಇಲ್ಲಿ ಹೇಳಬಯಸುತ್ತೇನೆ.

ಕಂಪ್ಯೂಟರಿನಲ್ಲಾಗಲಿ ಮೊಬೈಲ್ ಫೋನಿನಲ್ಲಾಗಲಿ ನಡೆಯುವ ಪ್ರತಿಯೊಂದು ಕೆಲಸದ ಹಿಂದೆ ಮನುಷ್ಯರು ಬರೆದ ಆದೇಶಗಳ ಸಾಲುಗಳಿವೆ. ಇವನ್ನು ಕೋಡ್ ಎನ್ನುತ್ತಾರೆ. ಪ್ರತಿಯೊಬ್ಬನೂ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿಲ್ಲ. ಅಕ್ಷರಗಳನ್ನು ನಕಲು ಮಾಡುವುದು, ಗುಟ್ಟಿನ ಮಾತನ್ನು ಗೂಢಲಿಪಿಗೆ ತಿರುಗಿಸುವುದು, ಕಡತವನ್ನು ಕುಗ್ಗಿಸಿ ಇಡುವುದು ಮುಂತಾದ ಎಲ್ಲರಿಗೂ ಬೇಕಾದ ಕೆಲಸಗಳನ್ನು ಒಮ್ಮೆ ಬರೆದು ಒಂದೆಡೆ ಇಟ್ಟಿರುತ್ತಾರೆ. ಇಂತಹ ಸಂಗ್ರಹಗಳಿಗೆ ಸಿಸ್ಟಂ ಲೈಬ್ರರಿಗಳೆಂದು ಹೆಸರು. ಇವು ಊರ ಕೆರೆಯಿದ್ದಂತೆ. ಎಲ್ಲರ ಗದ್ದೆಗೂ ನೀರು ಹರಿಯುವುದು ಅದೇ ತೂಬಿನಿಂದ. ಏರಿಯಲ್ಲಿ ಒಂದು ಇಲಿಯ ಬಿಲವಿದ್ದರೆ ಅಪಾಯ ಒಬ್ಬನ ಗದ್ದೆಗಲ್ಲ, ಇಡೀ ಊರಿಗೆ. ಆದರೆ ನೀರು ಪಡೆಯುವವರಲ್ಲಿ ಎಷ್ಟು ಮಂದಿ ಏರಿಯ ಮೇಲೆ ನಡೆದು ಬಿಲವಿದೆಯೇ ಎಂದು ನೋಡುತ್ತಾರೆ?

2014ರ ಫೆಬ್ರವರಿಯಲ್ಲಿ ಆಪಲ್ ಸಂಸ್ಥೆಯು ತನ್ನ ಫೋನುಗಳ ತಂತ್ರಾಂಶಕ್ಕೆ ತುರ್ತಾಗಿ ಒಂದು ತಿದ್ದುಪಡಿಯನ್ನು ಹೊರಡಿಸಿತು. ನಾವು ಸಂಪರ್ಕಿಸಿರುವುದು ನಿಜವಾದ ಬ್ಯಾಂಕಿನೊಂದಿಗೋ ಅಥವಾ ಬ್ಯಾಂಕಿನ ವೇಷ ತೊಟ್ಟ ವಂಚಕನೊಂದಿಗೋ ಎಂಬುದನ್ನು ಪರೀಕ್ಷಿಸುವ ಲೈಬ್ರರಿಯಲ್ಲಿ ಒಂದು ದೋಷ ಕಂಡುಬಂದಿತ್ತು. ದೋಷವೆಂದರೆ ಇಷ್ಟೆ: 'ಗೋಟು ಫೇಲ್' ಎಂಬ ಒಂದು ಸಾಲು ಎರಡು ಸಲ ಬರೆಯಲ್ಪಟ್ಟಿತ್ತು. 'ವಿಫಲವಾದಾಗ ಹೋಗುವ ಸ್ಥಳಕ್ಕೆ ಹೋಗು' ಎಂದು ಅದರ ಅರ್ಥ. ಆ ಕೋಡನ್ನು ಬರೆದಿದ್ದ ಸಿ ಭಾಷೆಯಲ್ಲಿ 'ಹೀಗಾದರೆ ಹಾಗೆ ಮಾಡು' ಎಂಬ ನಿಬಂಧನೆಯ ಅನಂತರ ಆವರಣ ಚಿಹ್ನೆಯನ್ನು ಹಾಕದಿದ್ದರೆ, ನಿಬಂಧನೆಯು ಮುಂದಿನ ಒಂದೇ ಆದೇಶಕ್ಕೆ ಅನ್ವಯಿಸುತ್ತದೆ. ಮೊದಲನೆಯ ಸಾಲು ನಿಬಂಧನೆಗೆ ಒಳಪಟ್ಟಿತ್ತು, ಎರಡನೆಯದು ಒಳಪಟ್ಟಿರಲಿಲ್ಲ. ಆದರೆ ಎರಡೂ ಸಾಲುಗಳು ಒಂದೇ ಸಮನಾಗಿ ಒಳಕ್ಕೆ ಸರಿದು ನಿಂತಿದ್ದುದರಿಂದ ಎರಡೂ ನಿಬಂಧನೆಯ ಅಡಿಯಲ್ಲಿಯೇ ಇರುವಂತೆ ಕಣ್ಣಿಗೆ ತೋರುತ್ತಿತ್ತು. ಪರಿಣಾಮವೇನಾಯಿತು? ಪರೀಕ್ಷೆ ಅರ್ಧಕ್ಕೆ ಬಂದಾಗಲೆಲ್ಲ ಎರಡನೆಯ ಸಾಲು ತಪ್ಪದೆ ನಡೆದು, ಸಹಿಯನ್ನು ತಾಳೆ ನೋಡುವ ಮುಖ್ಯ ಭಾಗವನ್ನು ಹಾರಿಸಿ, ನೇರವಾಗಿ ಕೊನೆಗೆ ಕೊಂಡೊಯ್ಯುತ್ತಿತ್ತು. ಅದುವರೆಗೆ ತಪ್ಪು ಸಿಕ್ಕಿರಲಿಲ್ಲವಾದ್ದರಿಂದ 'ಎಲ್ಲವೂ ಸರಿಯಿದೆ' ಎಂಬ ಉತ್ತರ ಬರುತ್ತಿತ್ತು. ಬಾಗಿಲಿನ ಕಾವಲುಗಾರನು ಒಳಗೆ ಬರುವವರ ಮುಖವನ್ನೇ ನೋಡದೆ ಚೀಟಿಗೆ ಮುದ್ರೆ ಒತ್ತಿದಂತೆ! ಹಾಳೆ ತೆರೆಯದೆ ರುಜು ಹಾಕಿದ ನನಗೂ ಈ ಕೋಡಿಗೂ ಏನು ವ್ಯತ್ಯಾಸ?

ಬರಹದ ಅಚ್ಚುಕಟ್ಟು ಕೇವಲ ಅಲಂಕಾರ ಎಂದು ತಿಳಿದವರು ಈ ಪ್ರಸಂಗವನ್ನು ನೆನೆಯಬೇಕು. ಆವರಣ ಚಿಹ್ನೆಯನ್ನು ಎಲ್ಲ ಕಡೆಯೂ ತಪ್ಪದೆ ಹಾಕುವ ಶಿಸ್ತು ಅಲ್ಲಿದ್ದಿದ್ದರೆ, ಹೆಚ್ಚಾಗಿ ಬಿದ್ದ ಆ ಸಾಲು ಆವರಣದ ಒಳಗೇ ಬಿದ್ದು ಯಾವ ಕೇಡನ್ನೂ ಮಾಡುತ್ತಿರಲಿಲ್ಲ. ಹೊರಗೆ ಬಿದ್ದಿದ್ದರೆ ಒಡನೆ ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮ ಓಲೆಗರಿಗಳಲ್ಲಿ ಪದಪದಗಳ ನಡುವೆ ತೆರವಿಲ್ಲ. ಹಳೆಯ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಪದವನ್ನು ಎಲ್ಲಿ ಬಿಡಿಸಬೇಕೆಂದು ತಿಳಿಯದೆ ದಿನಗಟ್ಟಲೆ ಚಿಂತಿಸಬೇಕಾಗುತ್ತಿತ್ತು. ಗರಿಯಲ್ಲಿ ಸ್ಥಳ ಕಡಿಮೆಯಿದ್ದ ಕಾಲಕ್ಕೆ ಅದು ಅನಿವಾರ್ಯ. ಸ್ಥಳಕ್ಕೆ ಕೊರತೆಯಿಲ್ಲದ ಇಂದು ಓದುಗನನ್ನು ಕಷ್ಟಕ್ಕೆ ಗುರಿಮಾಡುವುದು ಅವಿನಯವೇ ಸರಿ. ಸ್ಪಷ್ಟವಾದ ಹೆಸರು, ಸಮನಾದ ಅಂಚು, ಒಂದು ಭಾಗಕ್ಕೆ ಒಂದೇ ಕೆಲಸ, ಅಗತ್ಯವಿದ್ದಲ್ಲಿ ಒಂದು ಸಾಲಿನ ವಿವರಣೆ, ಇವೆಲ್ಲ ಬರೆಯುವವನು ತನ್ನ ತಪ್ಪನ್ನು ಹಿಡಿಯಬಲ್ಲ ಓದುಗನಿಗೆ ಮಾಡಿಕೊಡುವ ಉಪಕಾರ.

ಈ ಮಾತನ್ನು ಕಾರ್ಯದಲ್ಲಿ ತೋರಿಸಿದವರಿದ್ದಾರೆ. ಓಪನ್‌ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯನ್ನು ರೂಪಿಸುವವರು 1996ರಿಂದ ತಮ್ಮ ಕೋಡನ್ನು ಕಡತ ಕಡತವಾಗಿ ಓದಿ ಪರಿಶೀಲಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. 'ಈ ತಪ್ಪಿನಿಂದ ಯಾರಾದರೂ ದಾಳಿ ಮಾಡಬಹುದೇ?' ಎಂದು ಮೊದಲು ಕೇಳಿ ಅನಂತರ ತಿದ್ದುವುದು ಅವರ ಕ್ರಮವಲ್ಲ. ತಪ್ಪು ತಪ್ಪೇ ಎಂದು ತಿದ್ದುತ್ತಾರೆ. ಹೀಗೆ ಸಾಮಾನ್ಯ ಅಜಾಗರೂಕತೆಯೆಂದು ತಿದ್ದಿದ ಎಷ್ಟೋ ದೋಷಗಳು ದಾಳಿಗೆ ದಾರಿಯಾಗುವಂಥವಾಗಿದ್ದವೆಂದು ಎಷ್ಟೋ ತಿಂಗಳುಗಳ ಮೇಲೆ ತಿಳಿದುಬಂದುದುಂಟು. ಇದೇ ಜನರು 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರಸಿದ್ಧ ಗೂಢಲಿಪಿ ಲೈಬ್ರರಿಯ ಒಂದು ಪ್ರತಿಯನ್ನು ಎತ್ತಿಕೊಂಡು ಶುದ್ಧೀಕರಿಸಲು ಹೊರಟಾಗ, ಆರಂಭದಲ್ಲಿಯೇ ಮಾಡಿದ ಕೆಲಸಗಳಲ್ಲಿ ಒಂದೆಂದರೆ ಅದರ ಸಾಲುಗಳನ್ನೆಲ್ಲ ತಮಗೆ ರೂಢಿಯಾದ ಶೈಲಿಗೆ ಹೊಂದಿಸಿ ಬರೆದದ್ದು. ಓದಲಾಗದ್ದನ್ನು ಪರಿಶೀಲಿಸಲಾಗದು ಎಂಬುದು ಅವರಿಗೆ ಗೊತ್ತಿತ್ತು.

ಆದರೆ ಅಚ್ಚುಕಟ್ಟು ಮೊದಲ ಮೆಟ್ಟಿಲು ಮಾತ್ರ. ಓದುಗನು ಅಕ್ಷರವನ್ನು ಓದಿದರೆ ಸಾಲದು, ಪ್ರಶ್ನೆಗಳನ್ನೂ ಕೇಳಬೇಕು. ಬರುವ ವಿಷಯದ ಅಳತೆಯನ್ನು ಹೇಳಿದವರು ಯಾರು? ಅವರನ್ನು ನಂಬಬಹುದೇ? ಇಟ್ಟುಕೊಳ್ಳುವ ಪಾತ್ರೆ ಅಷ್ಟಕ್ಕೆ ಸಾಲುವುದೇ? ಕೆಲಸ ವಿಫಲವಾದರೆ ಅದು ಯಾರಿಗಾದರೂ ತಿಳಿಯುವುದೇ? ಈ ಪ್ರಶ್ನೆಗಳನ್ನು ಕೇಳದಿದ್ದುದರ ಫಲವನ್ನು ಲೋಕ ಮತ್ತೆ ಮತ್ತೆ ಉಂಡಿದೆ. ಸಿ ಭಾಷೆಯ ಲೈಬ್ರರಿಯಲ್ಲಿ 'ಗೆಟ್ಸ್' ಎಂಬ ಒಂದು ಸಲಕರಣೆಯಿತ್ತು. ಹೊರಗಿನಿಂದ ಬರುವ ಒಂದು ಸಾಲನ್ನು ಓದಿ ಪಾತ್ರೆಗೆ ತುಂಬುವುದು ಅದರ ಕೆಲಸ. ಆದರೆ ಪಾತ್ರೆ ಎಷ್ಟು ದೊಡ್ಡದು ಎಂದು ಅದಕ್ಕೆ ತಿಳಿಸುವ ದಾರಿಯೇ ಇರಲಿಲ್ಲ! 1988ರ ನವೆಂಬರಿನಲ್ಲಿ ಒಬ್ಬ ವಿದ್ಯಾರ್ಥಿಯು ಬಿಟ್ಟ 'ಹುಳು' ಎಂಬ ತಂತ್ರಾಂಶವು ಆಗಿನ ಅಂತರ್ಜಾಲದ ಸಾವಿರಾರು ಯಂತ್ರಗಳನ್ನು ಕಂಗೆಡಿಸಿತು. ಅದು ಹಿಡಿದ ದಾರಿಗಳಲ್ಲಿ ಇದೂ ಒಂದು: 512 ಅಕ್ಷರಗಳಿಗೆಂದು ಮೀಸಲಿಟ್ಟ ಸ್ಥಳಕ್ಕೆ 536 ಅಕ್ಷರಗಳನ್ನು ಸುರಿಯಿತು. ಹೊರಗೆ ಚೆಲ್ಲಿದ ಅಕ್ಷರಗಳು ಯಂತ್ರದ ಮುಂದಿನ ಹೆಜ್ಜೆಯನ್ನೇ ಬದಲಿಸಿದವು. ಇಷ್ಟಾದರೂ ಗೆಟ್ಸನ್ನು ಭಾಷೆಯ ಶಿಷ್ಟ ರೂಪದಿಂದ ತೆಗೆದುಹಾಕಿದ್ದು 2011ರಲ್ಲಿ. ಅಪಾಯವೆಂದು ತಿಳಿದದ್ದನ್ನು ಕೈಬಿಡಲು ನಮಗೆ 23 ವರ್ಷಗಳು ಬೇಕಾದವು.

ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 2014ರ ಏಪ್ರಿಲ್ 7ರಂದು ಬಯಲಾದ 'ಹಾರ್ಟ್‌ಬ್ಲೀಡ್' ದೋಷವೂ ಇದೇ ಜಾತಿಯದು. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಡೆಯವರು ಸಣ್ಣ ಸಂದೇಶವೊಂದನ್ನು ಕಳುಹಿಸುತ್ತಾರೆ; ಎದುರಿನವರು ಅದನ್ನೇ ಮರಳಿಸಬೇಕು. ಸಂದೇಶದ ಉದ್ದವೆಷ್ಟೆಂದು ಕಳುಹಿಸಿದವರೇ ಹೇಳುತ್ತಾರೆ. ಲೈಬ್ರರಿಯು ಆ ಮಾತನ್ನು ಅಳೆದು ನೋಡದೆ ನಂಬುತ್ತಿತ್ತು. ಒಬ್ಬನು ಒಂದು ಸೇರು ಅಕ್ಕಿಯನ್ನು ಇಡಲು ಕೊಟ್ಟು, 'ಅರುವತ್ತು ಸೇರು ಕೊಟ್ಟಿದ್ದೇನೆ, ಹಿಂದಿರುಗಿಸು' ಎಂದರೆ, ಉಗ್ರಾಣದವನು ಪಕ್ಕದ ಮನೆಯವರ ಚೀಲವನ್ನೂ ಬಿಚ್ಚಿ ಅಳೆದು ಕೊಟ್ಟಂತೆ, ಯಂತ್ರದ ನೆನಪಿನಲ್ಲಿದ್ದ ಬೇರೆಯವರ ಗುಟ್ಟುಗಳೂ ಒಂದೊಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಹೊರಹೋಗುತ್ತಿದ್ದವು. 2012ರ ಮಾರ್ಚಿನಿಂದ ಎರಡು ವರ್ಷಗಳ ಕಾಲ ಈ ಕೋಡ್ ಲೋಕದ ಅಸಂಖ್ಯ ಯಂತ್ರಗಳಲ್ಲಿ ನಡೆಯುತ್ತಿತ್ತು. ಅದನ್ನು ಸೇರಿಸುವ ಮೊದಲು ಇನ್ನೊಬ್ಬರು ಪರಿಶೀಲಿಸಿದ್ದರು ಎಂಬುದನ್ನು ಗಮನಿಸಬೇಕು. ಎರಡನೆಯ ಕಣ್ಣು ಇದ್ದಿತು; ಆದರೆ ಅಲ್ಲಿ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಅದು ಕೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. 'ತಪ್ಪು ಹುಡುಕುವವರ ಕಾಟ ಹೆಚ್ಚಾದರೆ ಕೆಲಸ ಮುಂದುವರಿಯುವುದು ಹೇಗೆ? ಅಲ್ಪವಿರಾಮ ಅರ್ಧವಿರಾಮಗಳಿಗಾಗಿ ಜಗಳವಾಡುತ್ತ ಕೂರುವುದೇ?' ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ತಿಳಿಯದೆ ತಿದ್ದುವವನು ಓದದೆ ಬಿಡುವವನಿಗಿಂತ ಕೇಡು ಮಾಡಬಲ್ಲನು. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಹೀಗೆಯೇ ಆಯಿತು. ತಪ್ಪು ಹುಡುಕುವ ಯಂತ್ರಸಾಧನವೊಂದು ಓಪನ್‌ಎಸ್‌ಎಸ್‌ಎಲ್‌ನ ಒಂದು ಸಾಲಿನ ಮೇಲೆ ಎಚ್ಚರಿಕೆ ಕೊಟ್ಟಿತೆಂದು, ಅಂತಹ ಸಾಲುಗಳನ್ನು ತೆಗೆದುಹಾಕಲಾಯಿತು. ಕೋಡ್ ಅಚ್ಚುಕಟ್ಟಾಯಿತು, ಎಚ್ಚರಿಕೆ ನಿಂತಿತು. ಆದರೆ ಬೀಗದ ಕೈಗಳನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆಯನ್ನು ಕೂಡಿಹಾಕುತ್ತಿದ್ದ ಸಾಲೂ ಅದರೊಡನೆ ಹೋಯಿತು. 2008ರ ಮೇ ತಿಂಗಳಿನಲ್ಲಿ ಇದು ಬಯಲಾದಾಗ, ಒಂದೊಂದು ಬಗೆಯ ಕೀಲಿಕೈಗೆ ಹೆಚ್ಚೆಂದರೆ 32,768ರಷ್ಟು ಸಾಧ್ಯತೆಗಳು ಮಾತ್ರ ಉಳಿದಿದ್ದವು ಎಂದು ಗೊತ್ತಾಯಿತು. ಕಂಪ್ಯೂಟರಿಗೆ ಇಷ್ಟನ್ನು ಪ್ರಯತ್ನಿಸಿ ನೋಡುವುದು ಲೀಲಾಜಾಲವಾದ ಕೆಲಸ. ಹಳಗನ್ನಡದ ಪದವೊಂದನ್ನು ಲಿಪಿಕಾರನ ತಪ್ಪೆಂದು ಭಾವಿಸಿ ತಿದ್ದಿ, ಕವಿಯ ಅರ್ಥವನ್ನೇ ಕೆಡಿಸಿದ ಸಂಪಾದಕನ ಕಥೆಯೇ ಇದು. ಆದುದರಿಂದ ಪರಿಶೀಲಕನು ತನಗೆ ಅರ್ಥವಾಗದ ಸಾಲನ್ನು ಕಂಡರೆ ಮೊದಲು ಮಾಡಬೇಕಾದುದು ಅಳಿಸುವುದಲ್ಲ. 'ಇದು ಇಲ್ಲಿ ಏಕಿದೆ?' ಎಂದು ಕೇಳುವುದು. ಕೇಳಿದವನಿಗೆ ತಿಳಿಯುವಂತೆ ಉತ್ತರಿಸುವುದು ಬರೆದವನ ಹೊಣೆ.

'ಈ ಕೆಲಸವನ್ನೆಲ್ಲ ಯಂತ್ರಗಳೇ ಮಾಡುತ್ತವೆ' ಎಂದು ಹೇಳುವವರೂ ಉಂಟು. ಯಂತ್ರದ ನೆರವನ್ನು ಬೇಡವೆನ್ನುವುದು ಅವಿವೇಕ. ಸಾಲುಗಳ ಅಂಚು ಕಣ್ಣನ್ನು ತಪ್ಪು ದಾರಿಗೆ ಎಳೆಯುವಂತಿದ್ದರೆ ಎಚ್ಚರಿಸುವ ಸೌಕರ್ಯವನ್ನು ಜಿಸಿಸಿ ಎಂಬ ಭಾಷಾಂತರಕಾರಿ ತಂತ್ರಾಂಶಕ್ಕೆ 2016ರಲ್ಲಿ ಸೇರಿಸಲಾಯಿತು. ಕೋಡನ್ನು ಓದಿ ದೋಷ ಹುಡುಕುವ, ಅಷ್ಟೇಕೆ, ಕೋಡನ್ನೇ ಬರೆಯುವ ಯಂತ್ರಗಳೂ ಇಂದು ಬಂದಿವೆ. ಬರವಣಿಗೆ ಸುಲಭವಾದಷ್ಟೂ ಓದಬೇಕಾದದ್ದು ಹೆಚ್ಚುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಯಂತ್ರವು ದೋಷವನ್ನು ತೋರಿಸಿಕೊಟ್ಟೀತು. 'ನಾನು ಓದಿದ್ದೇನೆ, ಇದಕ್ಕೆ ನಾನು ಹೊಣೆ' ಎಂದು ರುಜು ಹಾಕಬೇಕಾದವನು ಮನುಷ್ಯನೇ.

ಮೂರನೆಯದು ಒಂದು ಭ್ರಮೆ. ಇಂತಹ ಲೈಬ್ರರಿಗಳಲ್ಲಿ ಹೆಚ್ಚಿನವು ಎಲ್ಲರಿಗೂ ಓದಲು ತೆರೆದಿರುತ್ತವೆ. ನೋಡುವ ಕಣ್ಣುಗಳು ಸಾವಿರಾರು ಇರುವುದರಿಂದ ತಪ್ಪು ಅಡಗಿ ಕೂರಲಾರದೆಂಬ ನಂಬಿಕೆ ಈ ವಲಯದಲ್ಲಿದೆ. ಆದರೆ ಪುಸ್ತಕಭಂಡಾರದ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿನ ಪುಸ್ತಕವನ್ನು ಯಾರೋ ಓದಿದ್ದಾರೆಂದು ಅರ್ಥವೇ? ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಲೈಬ್ರರಿಯನ್ನು ಬಹುಕಾಲ ಒಬ್ಬ ಸ್ವಯಂಸೇವಕನೇ ನೋಡಿಕೊಳ್ಳುತ್ತಿದ್ದನು. ಕೆಲಸ ನಿಧಾನವಾಯಿತೆಂದು ದೂರುವವರು ಬಂದರು. ನೆರವು ನೀಡುವೆನೆಂದು ಒಬ್ಬ ಅಪರಿಚಿತನೂ ಬಂದನು. ಎರಡು ವರ್ಷಗಳಿಗೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಅಧಿಕಾರವನ್ನೂ ಪಡೆದ ಆ ವ್ಯಕ್ತಿ, 2024ರಲ್ಲಿ ಹೊರಬಂದ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟನು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ವಂಚನೆಯ ಮುಖ್ಯ ಭಾಗವನ್ನು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಹುದುಗಿಸಿದ್ದನು. ಅದನ್ನು ಜಾಗೃತಗೊಳಿಸುವ ಸಾಲುಗಳು ಎಲ್ಲರೂ ನೋಡುವ ಮೂಲದಲ್ಲಿರದೆ, ಹಂಚುವ ಕಟ್ಟಿನಲ್ಲಿ ಮಾತ್ರ ಇದ್ದವು. ಓದಲು ಇಟ್ಟ ಪ್ರತಿ ಒಂದು, ಅಚ್ಚಾಗಿ ಹೊರಟ ಪ್ರತಿ ಇನ್ನೊಂದು!

ಇದನ್ನು ಹಿಡಿದವರು ಯಾರು? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ದೂರದ ಯಂತ್ರಕ್ಕೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ಹೊತ್ತು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಅವರು ಗಮನಿಸಿದರು. ಕಣ್ಣು ಮಿಟುಕಿಸುವಷ್ಟು ಕಾಲ! ಬೇರೆ ಯಾರಾದರೂ 'ಇರಲಿ ಬಿಡು' ಎಂದು ಸುಮ್ಮನಾಗುತ್ತಿದ್ದರು. ಅವರು ಸುಮ್ಮನಾಗಲಿಲ್ಲ. ಎಳೆ ಹಿಡಿದು ಹೊರಟು, ಕಳ್ಳಬಾಗಿಲನ್ನು ಪತ್ತೆಹಚ್ಚಿ, 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಆಗ ಅದು ಕೆಲವು ಲಿನಕ್ಸ್ ಬಳಗಗಳ ಪ್ರಾಯೋಗಿಕ ಆವೃತ್ತಿಗಳನ್ನು ಮಾತ್ರ ತಲುಪಿದ್ದುದರಿಂದ ದೊಡ್ಡ ಅನಾಹುತ ತಪ್ಪಿತು. ಸಾವಿರ ಕಣ್ಣುಗಳು ತೆರೆದಿದ್ದು ಕಾಣದ್ದನ್ನು, 'ಏಕೆ?' ಎಂದು ಕೇಳಿದ ಒಂದು ಮನಸ್ಸು ಕಂಡಿತು.

ಇದರಿಂದ ನನಗೆ ತೋರುವುದಿಷ್ಟು. ಹೊಸದನ್ನು ಕಟ್ಟುವವನಿಗೆ ಸಲ್ಲುವ ಗೌರವ, ಕಟ್ಟಿದ್ದನ್ನು ಪರಿಶೀಲಿಸುವವನಿಗೂ ಸಲ್ಲಬೇಕು. ಹಿಂದೆ ನಮ್ಮ ಊರುಗಳಲ್ಲಿ ಕೆರೆಯ ತೂಬನ್ನು ನೋಡಿಕೊಳ್ಳಲು ನೀರುಗಂಟಿಯಿದ್ದನು. ಸುಗ್ಗಿಯ ಕಾಲದಲ್ಲಿ ಅವನಿಗೂ ಪಾಲು ಸಲ್ಲುತ್ತಿತ್ತು. ಎಲ್ಲರಿಗೂ ನೀರುಣಿಸುವ ಇಂದಿನ ಈ ಕೆರೆಗಳಿಗೆ ನೀರುಗಂಟಿಯನ್ನು ನೇಮಿಸದೆ, ಯಾರೋ ಒಬ್ಬ ದಣಿದ ಸ್ವಯಂಸೇವಕನ ಪುಣ್ಯದಲ್ಲಿ ಬಾಳುವುದು ದೊಡ್ಡ ದೊಡ್ಡ ಸಂಸ್ಥೆಗಳಿಗಾಗಲಿ ಸರಕಾರಗಳಿಗಾಗಲಿ ಶೋಭಿಸುವುದಿಲ್ಲ. ಪರಿಶೀಲಿಸುವವನಿಗೂ ಕೆಲವು ಗುಣಗಳು ಬೇಕು. ಬರೆದವನ ಹಿರಿಮೆಗೆ ಬೆರಗಾಗಿ ಕಣ್ಣು ಮುಚ್ಚಬಾರದು. ಅವನು ಕಿರಿಯನೆಂದು ಹಂಗಿಸಲೂಬಾರದು. ತಪ್ಪನ್ನು ತಪ್ಪೆಂದು ತೋರಿಸಬೇಕು, ತಪ್ಪಿತಸ್ಥನನ್ನು ಸಣ್ಣವನನ್ನಾಗಿ ಮಾಡಬಾರದು. ಕೆಂಪು ಶಾಯಿ ಗಾಯದ ಗುರುತಲ್ಲ, ಅಕ್ಕರೆಯ ಗುರುತು ಎಂದು ನನ್ನ ಗುರುಗಳು ಹೇಳುತ್ತಿದ್ದರು.

ನಿಮ್ಮಲ್ಲಿ ಕೆಲವರು ಮುಂದೆ ಕೋಡ್ ಬರೆಯುವವರಾಗಬಹುದು. ಹಲವರು ಬೇರೆ ಉದ್ಯೋಗಗಳನ್ನು ಹಿಡಿಯಬಹುದು. ಯಾವ ಕೆಲಸದಲ್ಲಿದ್ದರೂ ಇನ್ನೊಬ್ಬರ ಬರಹದ ಕೆಳಗೆ ನಿಮ್ಮ ರುಜು ಬೀಳಬೇಕಾದ ದಿನವೊಂದು ಬಂದೇ ಬರುತ್ತದೆ. ಅಂದು ಹೊತ್ತಾಗಿರಬಹುದು, ಬಸ್ಸು ಹೊರಡುತ್ತಿರಬಹುದು. ಬರೆದವರು ನಿಮಗಿಂತ ದೊಡ್ಡವರೂ ಆಗಿರಬಹುದು. ಆದರೂ ಹಾಳೆಯನ್ನು ತೆರೆಯಿರಿ. ದಾರ ಕಟ್ಟಿದ ಕೊನೆಯ ಪುಟದವರೆಗೆ ಓದಿರಿ. ಅಲ್ಲಿ ಯಾವುದೋ ಒಂದು ಮಗುವಿನ 17 ಅಂಕಗಳು ನಿಮಗಾಗಿ ಕಾದಿರಬಹುದು.